ಸಪ್ಪಳ ಕೇಳಿಸು

ಫೋನ್ ಮಿಷನ್ ಸಮೀಪ ಹಿಡಿ, ಸುಗಲಾ.
ಮಾತು ಬ್ಯಾಡ. ಕಾಲಷ್ಟೇ ಆಡಿಸು.
ಇಲ್ಲಿ ಶಹಾಬಾದದಾಗ ಕರೆಂಟ್ ಹೋಗ್ಯಾದ,
ಫ್ಯಾನ್ ನಿಂತದ, ಓಣಿನೂ ನಿಂತದ,
ಗುರುಮಠಕಲ್ಲಿನ ನಿನ್ನ ಮಿಷನ್
ನನ್ನ ಕಿವಿಯಾಗೇ ಓಡಿದಂಗ ಕೇಳಸ್ತದ.

ಕಟಕ್. ಕಟಕ್.
ನಿಲ್ಸು.
ಮಿಷನ್ ಕೆಟ್ಟಿಲ್ಲ, ಮಾರಿದವನಿಗಿ ಬೈಬ್ಯಾಡ.
ಇದು ಸೂಜಿ ಬಾಗಿದ ಸಪ್ಪಳ.
ಬದಲಿ ಮಾಡಿ ಎಷ್ಟು ದಿನ ಆತು?
ಬಂದಾಗಿಂದ ಅದೇ?
ಅಯ್ಯ, ಕಸಬರಗಿ ಸುದ್ದಾ ವರ್ಷಕ್ಕ ಎರಡು ತರ್ತೀ,
ಸೂಜಿಗಿ ಯಾಕ ಇಷ್ಟು ಜಿಪುಣತನ?

ಹತ್ತಿ ಅರಿವಿಗಿ ಹದಿನಾಲ್ಕು ನಂಬರಿಂದು.
ನಿನ್ನ ಗಂಡನ ಜೀನ್ಸ್ ರಿಪೇರಿಗಿ ಹದಿನಾರು.
ಚಪ್ಪಟಿ ಬೆನ್ನು ಯಾ ಕಡಿ ಅದ ನೋಡ್ಕೊಂಡೇ
ಹಳೀದು ತಗಿ, ಹೊಸಾದು ಹಂಗೇ ಕೂಡ್ಸು,
ಮ್ಯಾಲ ತಲಿ ಮುಟ್ಟೋತನಕ ಏರ್ಸಿ ಸ್ಕ್ರೂ ಬಿಗಿ.

ಬಿತ್ತಾ? ಕೈಯಾಡಿಸಬ್ಯಾಡ, ನೆಟ್ಟೀತು.
ನಮ್ಮನಿ ಹಾಸುಗಲ್ಲಿನ ಸಂದಿಗಿ
ಎಷ್ಟು ಸೂಜಿ ತಿನ್ನಿಸೀನೋ ಲೆಕ್ಕಿಲ್ಲ.
ಈಗ ಒಡಕ ಸ್ಪೀಕರಿನ ಅಯಸ್ಕಾಂತಕ್ಕ ದಾರ ಕಟ್ಟಿ
ನಾಯಿಮರಿ ತಿರುಗಾಡಿಸಿದಂಗ
ಮನಿ ತುಂಬಾ ಎಳಕೊಂಡು ತಿರುಗ್ತೀನಿ.
ನಮ್ಮತ್ತಿ ನಗ್ತಾಳ. ನಗಲಿ.

ಹಾಂ, ತುಳಿ.
ಗರ್ ಅಂದು ಹಿಡಕೊಂತದಾ?
ಅರಿವಿ ತಿರುವಿ ನೋಡು, ಕೆಳಗ ದಾರದ ಗುಬ್ಬಿಗೂಡು.
ಎಲ್ಲಾರೂ ಬಾಬಿನ್ನಿಗೇ ಬೈತಾರ, ಪಾಪ.
ತಪ್ಪು ಮ್ಯಾಲಿಂದು.
ಪಾದ ಎತ್ತಿ ದಾರ ಹಾಕ್ಬೇಕು.
ಇಳಿಸಿ ಹಾಕಿದ್ರ ಎರಡು ಬಿಲ್ಲಿ ಹಲ್ಲು ಕಚ್ಚಿಕೊಂಡಿರ್ತಾವ,
ದಾರಕ್ಕ ಒಳಗ ಜಾಗಾನೇ ಕೊಡಂಗಿಲ್ಲ.

ಎಣ್ಣಿ ಹಾಕೀಯಾ? ಯಾ ಎಣ್ಣಿ?
ಕೊಬ್ಬರಿ ಎಣ್ಣಿ!
ಅದೇನು ನಿನ್ನ ಜಡಿ ಏನು?
ಚಳಿಗಾಲದಾಗ ಹೆಪ್ಪಾಗಿ ಕುಂತ್ರ
ಗಾಲಿ ತಿರುಗಸ್ಲಿಕ್ಕ ಇಬ್ಬರು ಬೇಕಾಗ್ತಾರ.
ಮಿಷನ್ ಎಣ್ಣಿ ತಾ, ಎರಡೆರಡು ಹನಿ ಸಾಕು,
ಆಮ್ಯಾಲ ಚಿಂದಿ ಮ್ಯಾಲ ಓಡ್ಸು,
ಕಲಿ ಬೀಳದು ನಿಲ್ಲೋತನಕ.

ಅರಿವಿ ಮೊದಲ ನೀರಾಗ ನೆನಸು.
ಗುರ್ತಿಗಿ ಚಾಕ್ ಬ್ಯಾಡ, ಸವೆದ ಸಾಬೂನಿನ ಚೂರು ಸಾಕು.
ಅರಿವಿ ಕತ್ರಿ ಬ್ಯಾರೆ, ಹಾಲಿನ ಪಾಕೀಟಿನ ಕತ್ರಿ ಬ್ಯಾರೆ.
ಮತ್ತ ಜಂಪರಿಗಿ ಈಗೇ ಕೈ ಹಾಕಬ್ಯಾಡ,
ತಲಿದಿಂಬಿನ ಚೀಲ ನಾಲ್ಕು ಹೊಲಿ.
ನಾ ಮೊದಲ ಹೊಲದ ಜಂಪರಿಗಿ
ಎರಡೂ ತೋಳು ಎಡಗೈವೇ.
ಇನ್ನಾ ಟ್ರಂಕಿನಾಗ ಅದ,
ಎರಡು ಎಡಗೈ ಇದ್ದಾಕಿ ಯಾರಾದ್ರೂ ಬರ್ಲಿ ಅಂತ.

ಇದೆಲ್ಲ ಲಾಡ್ಲೇಸಾಬ್ ಕಾಕಾ ಕಲಿಸಿದ್ದು.
ಎರಡೂ ಕಣ್ಣಿಗಿ ಪೊರೆ ಬಂದಿತ್ತು,
ಗ್ವಾಡಿ ಕಡಿ ಮಾರಿ ಮಾಡಿ ಕೂಡ್ತಿದ್ದ.
ಬೆನ್ನ ಹಿಂದ ನಾವು ಆರು ಮಂದಿ ತುಳಿಯೋರು.
‘ಮೂರನೇದಕ್ಕ ಬೆಲ್ಟ್ ಸಡಲಾಗ್ಯಾದ.’
‘ಬಾಗಿಲ ಬಲ್ಲಿಂದು, ಅವಸರ ಮಾಡಬ್ಯಾಡ.’
ಒಂದಿನ ನಾನು ಅರಿವಿ ಇಟ್ಟಿಲ್ಲ,
ಸೂಜ್ಯಾಗ ದಾರ ಇಲ್ಲ,
ಬರೇ ತುಳಿತಿದ್ದೆ.
ಕಾಕಾ ಗ್ವಾಡಿ ಕಡಿಯಿಂದ ತಿರುಗ್ಲಿಲ್ಲ.
‘ಜಗದೇವಿ, ಖಾಲಿ ಮಿಷನ್ ಯಾಕ ಓಡಸ್ಲತ್ತಿ?’ ಅಂದ.
ನಾ ಏನೂ ಅನ್ಲಿಲ್ಲ.
ಹುಡುಗಗ ಕರದು ಚಾ ತರ್ಸಿದ,
ಏಳು ಕಪ್ಪು. ಎಂದೂ ತರ್ಸಿದಾಂವ ಅಲ್ಲ.

ಹೂಂ, ಈಗ ತುಳಿ ನೋಡಮ್.
ಹೌದು, ಹಂಗ. ಇನ್ನಾ ಸಾವಕಾಶ.
ಗೂಡು ಕಟ್ಟಲಿಲ್ಲ ಹೌದಲ್ಲ?
ಸಪ್ಪಳ ನೆಟ್ಟಗದ…

ಸುಗಲಾ.
ದಾರ ಯಾವಾಗ ಮುಗೀತು?

ಇರ್ಲಿ, ಹೇಳಬ್ಯಾಡ. ತುಳಿ.
ಫೋನ್ ಮಾತ್ರ ಇಡಬ್ಯಾಡ.
ಇಲ್ಲಿ ಇನ್ನಾ ಕರೆಂಟ್ ಬಂದಿಲ್ಲ,
ನನಗರ ಏನು ಕೆಲ್ಸದ.