ಐದನೆಯ ದನಿ

ಕುಂಬಳೆ. ಟೈಪಿಂಗ್ ಕ್ಲಾಸಿನ ಮಾಳಿಗೆ.
ಶನಿವಾರ ಆರು ಗಂಟೆಗೆ ನಾವು ಐವರು,
ಐದು ಫೋಟೋಸ್ಟಾಟ್ ಹಾಳೆ:
ನಾನೂರು ವರ್ಷದ ಹಿಂದೆ ಇಟಲಿಯಲ್ಲಿ ಯಾರಿಗೋ ಆದ ಪ್ರೀತಿ
ಕನ್ನಡ ಅಕ್ಷರದಲ್ಲಿ, ವಲೇರಿಯನ್ ಮಾಸ್ಟ್ರ ಕೈಬರಹ.

'ಅಹಿ' ಅಂದರೆ ಅಲ್ಲಿ ಅಯ್ಯೋ.
ಹಾವಲ್ಲವೇ, ಎಂದಳು ಸಂಸ್ಕೃತ ಓದಿದ ವಾರಿಜಾಕ್ಷಿ.
ಎರಡೂ ಒಂದೇ, ಎಂದ ಕುಂಞಂಬು,
ಕಚ್ಚಿಸಿಕೊಂಡವನ ಹಾಗೆ.
'ಕೋರೆ' ಅಂದರೆ ಹೃದಯವಂತೆ.
ನಾನು ನಕ್ಕೆ. ಕೋರೆ ನನಗೆ ಗೊತ್ತು,
ಸೀತಾಂಗೋಳಿಯಲ್ಲಿ ಮುರಕಲ್ಲು ಲೋಡಿನ ಲೆಕ್ಕ ಬರೆಯುವವ.
ಕೊಯ್ದಷ್ಟೂ ಕೆಂಪು.
ಮುಗಿದ ಮೇಲೆ ಬಿಟ್ಟು ಹೋಗುತ್ತಾರೆ,
ನೀರು ನಿಲ್ಲುತ್ತದೆ.

ಮೇಲಿನ ದನಿ ಪ್ಲೇವಿಯದು, ಮೆಡಿಕಲ್ ಶಾಪಿನವಳು.
ತಳದ್ದು ನಂದು. ನಾಲ್ಕೇ ಸ್ವರ,
ಮನೆ ಹೊತ್ತ ಪಂಚಾಂಗದ ಹಾಗೆ,
ಬಂದವರು ಯಾರೂ ಅದನ್ನು ನೋಡುವುದಿಲ್ಲ.
ಅವಳ ಸ್ವರಕ್ಕೆ ಉಜ್ಜಿಕೊಂಡು, ಕೂದಲೆಳೆ ಕೆಳಗೆ,
ಕುಂಞಂಬುವಿನ ಸ್ವರ.
'ಸರಿಯಬೇಡಿ,' ಎನ್ನುತ್ತಾರೆ ಮಾಸ್ಟ್ರು, 'ನೋಯಲಿ,
ಎರಡು ಮಾತ್ರೆ. ಆಮೇಲೆ ಬಿಡಿ.'
ಅವರು ಬಿಡುವುದು ಮೂರಕ್ಕೆ.
ಎಣಿಸುತ್ತೇನಲ್ಲ, ಲೆಕ್ಕದವ.

ಕೊನೆಯ ಸಾಲಲ್ಲಿ ಬರೆದವನು
ಪ್ರೀತಿ ಎಂಬ ಶಬ್ದವನ್ನೇ ಮುರಿದಿದ್ದಾನೆ,
ನಡುವೆ ನಿಟ್ಟುಸಿರಿನಷ್ಟು ಖಾಲಿ:
ಆ...
      ಮೋರೆ.

ಮಂಗಳೂರು ಲೋಕಲ್ ಹಾದದ್ದೂ ಆ ಖಾಲಿಯಲ್ಲೇ.
ಕಿಟಕಿ ಗಾಜು ಗಡಗಡ.
ಎಲ್ಲರ ಕಣ್ಣು ಹಾಳೆಯಲ್ಲಿ.
ನಾನು ಕಂಡದ್ದು ಆ ಮೋರೆ:
ಮೂಗಿನ ತುದಿಗೆ ಬೆವರು,
ಗಲ್ಲದ ಮೇಲೆ ಬಿಲ್ ಬರೆದ ಪೆನ್ನಿನ ಗೀಟು,
ತುಟಿ ಇನ್ನೂ 'ಮೋ'ಗೆ ಮುಚ್ಚಿಲ್ಲ.

ನನ್ನ ಸ್ವರ ಬರಬೇಕಿತ್ತು. ಬರಲಿಲ್ಲ.
ಮೇಲಿನ ನಾಲ್ಕೂ ಕುಸಿದವು.

'ಪುನಃ ಮೊದಲಿಂದ,' ಎಂದರು ಮಾಸ್ಟ್ರು.