ಬಳಚಿನ ಚಿಪ್ಪು

ಬೈತ್‌ಖೋಲ ಅಂಗನವಾಡಿಯ ನೆಲಕ್ಕೆ ಹಳದಿ ಟೇಪು ಅಂಟಿಸಿದೆ.
ಹಿಮ್ಮಡಿ ಎತ್ತಿ ಹದಿನೈದು ಹೆಜ್ಜೆ, ಗೆರೆ ತಪ್ಪದೆ.
ಮಕ್ಕಳು ಮೊದಲು ಟೇಪು ಕಿತ್ತು ನೋಡಿದರು.

ಶೂ ಹಾಕಿರಬೇಕು, ಅನ್ನುತ್ತದೆ ಕೈಪಿಡಿ.
ಇಲ್ಲಿ ಚಪ್ಪಲಿಗಳೂ ಹೊಸ್ತಿಲಾಚೆ.
ಅವರೆಕಾಳಿನ ಚೀಲ ಎಸೆ ಅಂದರೆ
"ತಿನ್ನೋದನ್ನ ಎಸೀಬಾರ್ದು" ಎಂದಳು ಸಾಯ್ಲಿ,
ಮಡಿಲಲ್ಲಿಟ್ಟುಕೊಂಡಳು.
ನನ್ನ ಗಡಿಯಾರ ಓಡುತ್ತಲೇ ಇತ್ತು.

ಸಂಜೆ ಅಂಕ ಕೂಡಿಸಿದರೆ
ಹತ್ತೊಂಬತ್ತರಲ್ಲಿ ಹದಿನೇಳು ಮಕ್ಕಳು 'ಹಿಂದೆ'.
ಇಡೀ ಕೇರಿಯೇ ಎಡವಿತೆಂದು ಬರೆಯುವ ಮುಂಚೆ
ಪೆನ್ನಿಗೆ ಮುಚ್ಚಳ ಹಾಕಿದೆ.

ದಸರೆ ಕಳೆದು ಮತ್ತೆ ಹೋದೆ.
ಟೇಪಿನ ಜಾಗದಲ್ಲಿ ದೋಣಿಯ ಹಳೇ ಹಗ್ಗ,
ಚೀಲದೊಳಗೆ ಮರಳು,
ಪೋಣಿಸಲು ಮಣಿಯಲ್ಲ, ತೂತು ಕೊರೆದ ಬಳಚಿನ ಚಿಪ್ಪು.
ಹಗ್ಗದ ಮೇಲೆ ನಡೆಯಿರಿ ಅಂದರೆ ಓಡಿದರು.
ಓಡಿದವರಿಗೆ ನನ್ನ ಹಾಳೆಯಲ್ಲಿ ಮನೆಯೇ ಇಲ್ಲ,
ಅಂಚಿನಲ್ಲಿ ಬರೆದುಕೊಂಡೆ.

ಭೂಷಣ ಮಾತ್ರ
ಮೂರನೇ ಚಿಪ್ಪಿಗೆ ನಿಂತ.
ದಾರದ ತುದಿ ತೂತಿನ ಸುತ್ತ ನಡುಗಿತು,
ಒಳಹೊಗಲಿಲ್ಲ.
ಹೋದ ಸಲವೂ ಹೀಗೇ ನಡುಗಿರಬೇಕು.
ಹದಿನೇಳರ ಗದ್ದಲದಲ್ಲಿ
ನಾನೇ ಕಂಡಿರಲಿಲ್ಲ.

"ಸೋಮಾರಿ ಅವ," ಎಂದಳು ತಾಯಿ ಬಾಗಿಲಲ್ಲೇ,
ತಲೆಯ ಮೇಲಿನ ಬುಟ್ಟಿ ಇಳಿಸದೆ.
ಅಲ್ಲ, ಎಂದೆ.
ಬುಟ್ಟಿ ಇಳಿಸಿ, ಬಾಯಿ. ಸ್ವಲ್ಪ ಕೂತ್ಕೊಳ್ಳಿ.