ಇಪ್ಪತ್ತಮೂರು, ಮತ್ತೊಂದು

ಚಳಿ ದೇಶದವರು ಈ ಮೀನಿಗಾಗಿ ನೀರು ಕಾಸುತ್ತಾರೆ.
ಕಲಬುರಗಿಯಲ್ಲಿ, ಹೋಳಿ ಕಳೆದದ್ದೇ, ನಾವು ತಣಿಸುತ್ತೇವೆ.
ಗಂಜಿನ ಹಿಂದಿನ ಬರ್ಫ್ ಕಾರ್ಖಾನೆಯಿಂದ
ಗೋಣಿತಾಟು ಸುತ್ತಿದ ತುಂಡೊಂದು
ಸೈಕಲ್ಲಿನ ಕ್ಯಾರಿಯರ್ ಮೇಲೆ ದಾರಿಯುದ್ದ ತೊಟ್ಟಿಕ್ಕುತ್ತ ಬರುತ್ತದೆ.
ಅಣವೀರಪ್ಪ ಅದನ್ನು ಒಡೆದು, ಚೀಲದಲ್ಲಿ ಕಟ್ಟಿ
ತೊಟ್ಟಿಯಲ್ಲಿ ತೇಲಿಬಿಟ್ಟು ಥರ್ಮಾಮೀಟರ್ ಓದುತ್ತಾನೆ:
"ಇಪ್ಪತ್ತೆಂಟಕ್ಕ ಬಂತ್ರಿ ಮೇಡಂ. ಹೊರಗ ನಲವತ್ತೆರಡು."

ಬೆರಳಿನ ಎರಡು ಗೆಣ್ಣಿನಷ್ಟು ಮೀನು.
ಮೈಮೇಲೆ ಬರೆಯುವ ಮೊದಲಿನ ಕಾಪಿ ಪುಸ್ತಕದಂಥ ನೀಲಿ ಗೆರೆ.
ಮದ್ದಿನ ನೀರಲ್ಲಿ ಮಲಗಿಸಿ
ಒದ್ದೆ ಸ್ಪಂಜಿನ ಸೀಳಿನಲ್ಲಿ ಹೊಟ್ಟೆ ಮೇಲಾಗಿ ಸಿಕ್ಕಿಸಿ
ಸೂಕ್ಷ್ಮದರ್ಶಕದ ಕೆಳಗೆ ಎದೆ ತೆರೆಯುತ್ತೇನೆ.
ಸಾಸಿವೆಯಷ್ಟು ಹೃದಯ.
ಕತ್ತರಿಯ ತುದಿಗೆ ಅದರ ಐದರಲ್ಲೊಂದು ಪಾಲು.
ಅಷ್ಟೇ. ರಕ್ತ ಒಮ್ಮೆ ಚಿಮ್ಮಿ, ಅನುಮಾನಿಸಿ, ಹೆಪ್ಪುಗಟ್ಟುತ್ತದೆ.
ಕೈ ನಡುಗಬಾರದೆಂದು
ಶಹಾಬಾದ್ ಕಲ್ಲಿನ ಮೇಜಿಗೆ ಮೊಣಕೈ ಊರಿರುತ್ತೇನೆ.

ಆಮೇಲೆ ನಾನೇನೂ ಮಾಡುವುದಿಲ್ಲ.
ಗಾಯದ ಅಂಚಿನ ಸ್ನಾಯುಕೋಶಗಳು,
ಹುಟ್ಟಿದಾಗಿನಿಂದ ಬಡಿಯುವುದೊಂದನ್ನೇ ಕಲಿತವು,
ಆ ವಿದ್ಯೆ ಬಿಚ್ಚಿಡುತ್ತವೆ.
ಒಳಗಿನ ಎಳೆ ಸಡಿಲಿಸಿ
ತತ್ತಿಯ ಕಾಲದ ಪೆದ್ದುತನಕ್ಕೆ ಮರಳುತ್ತವೆ;
ಒಂದು ಎರಡಾಗುತ್ತದೆ, ಎರಡು ನಾಲ್ಕು.
ತುಂಬಬೇಕಾದಷ್ಟು ತುಂಬಿದ ಮೇಲೆ ಬಡಿತ ನೆನಪಾಗುತ್ತದೆ.
ಮರೆಯಿರಿ ಎಂದು ಅವಕ್ಕೆ ಯಾರು ಹೇಳುತ್ತಾರೆ?
ಸಾಕು ಎಂದು ಯಾರು ಹೇಳುತ್ತಾರೆ?
ಏಳು ವರ್ಷದಿಂದ ಈ ಎರಡು ಪ್ರಶ್ನೆಗೇ ನನಗೆ ಸಂಬಳ,
ಬಂದ ತಿಂಗಳು.

ನಮ್ಮ ಎದೆ ಮರೆಯಲೊಲ್ಲದು.
ಗಾಯವಾದರೆ ತೇಪೆ ಹಚ್ಚಿಕೊಳ್ಳುತ್ತದೆ, ದಪ್ಪ ಬಟ್ಟೆಯ ತೇಪೆ.
ಹರಿಯದು. ಬಡಿಯದು.

ಇದನ್ನು ಅಣವೀರಪ್ಪನ ಮುಂದೆ ಹೇಳಬಾರದಿತ್ತೋ ಏನೋ.
ಮರುದಿನ ಅಂಗಿಯ ಜೇಬಿನಿಂದ
ನಾಲ್ಕು ಮಡಿಕೆಯ ಎಕೋ ಕಾಗದ ತೆಗೆದು
ಮೀನಿನ ರಿಜಿಸ್ಟರಿನ ಮೇಲಿಟ್ಟ.
ದೀಪಾವಳಿಯ ಹಿಂದಿನ ವಾರದ್ದು.
"ಮೂವತ್ತೈದು ಪರ್ಸೆಂಟ್ ಅಂದಾರ. ಪಾಸಂತೂ ಆಗೀನ್ರಿ."
ನಕ್ಕ.
ನನಗೆ ಸೈಕಲ್ಲು ನೆನಪಾಯಿತು,
ಬರ್ಫಿನ ತೂಕ, ರೈಲ್ವೆ ಸೇತುವೆಯ ಏರು, ಮಧ್ಯಾಹ್ನ.
ಅಂದಿನಿಂದ ಬರ್ಫ್ ನನ್ನ ಸ್ಕೂಟಿಯ ಕಾಲ ಬಳಿ ಬರುತ್ತಿದೆ,
ಚಪ್ಪಲಿ ಒದ್ದೆ.

ಅರವತ್ತನೆಯ ದಿನ ಎದೆ ಪೂರ್ತಿ.
ಪೂರ್ತಿಯೇ ಎಂದು ತಿಳಿಯಲು ಹೊರಗೆ ತೆಗೆಯಬೇಕು,
ಕೂದಲಿಗಿಂತ ತೆಳ್ಳಗೆ ಸೀಳಿ ಬಣ್ಣ ಹಾಕಬೇಕು:
ತೇಪೆಯಿದ್ದಲ್ಲಿ ನೀಲಿ, ಸ್ನಾಯುವಿದ್ದಲ್ಲಿ ಕಿತ್ತಳೆ.
"ಗುಣ ಆಗ್ಯಾದೋ ಇಲ್ಲೋ ನೋಡ್ಲಾಕ ಜೀವಾ ತಗೀಬೇಕೇನ್ರಿ?"
ಹೌದು.
"ನನಗ ಎದಿಗಿ ತಣ್ಣನ್ನ ಜೆಲ್ ಹಚ್ಚಿ ನೋಡಿದ್ರು."
ಇಷ್ಟು ಸಣ್ಣ ಎದೆ ನೋಡುವ ಯಂತ್ರವೂ ಇದೆ, ಎಂದೆ.
ನಮ್ಮಲ್ಲಿಲ್ಲ.

ಆ ಸಂಜೆ ರಿಜಿಸ್ಟರಿನಲ್ಲಿ ಇಪ್ಪತ್ತನಾಲ್ಕು,
ತೊಟ್ಟಿಯಲ್ಲಿ ಇಪ್ಪತ್ತಮೂರು.
ಅಣವೀರಪ್ಪ ಪೈಪು ತೊಳೆಯುತ್ತಿದ್ದ,
ಬೆಳಿಗ್ಗೆ ತೊಳೆದದ್ದನ್ನೇ.

ಇಪ್ಪತ್ತಮೂರೂ ಕಿತ್ತಳೆ ಬಂದವು.
ಪ್ರಬಂಧಕ್ಕೆ ಬೇಕಾದಷ್ಟಾಯಿತು.

ಮೊನ್ನೆ ಬ್ರಹ್ಮಪುರದ ಅವನ ಮನೆಗೆ ಹೋಗಿದ್ದೆ.
ಮಗಳು ಭಾಗ್ಯವಂತಿ ಲಿಂಬಿ ಶರಬತ್ತು ತಂದಳು.
ಕಿಟಕಿಯಲ್ಲಿ ಉಪ್ಪಿನಕಾಯಿಯ ಗಾಜಿನ ಭರಣಿ,
ಬಿಸಿಲಿಗೆಂದು ಸುತ್ತಲೂ ಒದ್ದೆ ಬಟ್ಟೆ;
ಬಟ್ಟೆ ಸರಿದಲ್ಲಿ
ಒಂದು ನೀಲಿ ಗೆರೆ ಹೊರಳಿತು.
ಅವನು ನನ್ನ ಮುಖ ನೋಡಲಿಲ್ಲ.
ನೀರು ದಿನಾ ಬದಲಿಸುತ್ತೀಯಾ, ಎಂದೆ.
"ಅರ್ಧಾ ರೀ," ಎಂದ, "ಪೂರಾ ಬದಲಿಸಿದ್ರ ಅಂಜತದ."

ರಿಜಿಸ್ಟರಿನ ಕೊನೆಯ ಸಾಲು ಖಾಲಿಯಿತ್ತು. ಬರೆದೆ:
ಮೀನು ಇಪ್ಪತ್ತನಾಲ್ಕು. ದಿನ ತೊಂಬತ್ತೊಂದು.
ಎದೆ ನೋಡಿಲ್ಲ. ಈಜುತ್ತಿದೆ.